ಕಾಣದುದೆಲ್ಲ ಇಲ್ಲವಾದೀತೆ?

ಒಬ್ಬ ಮನುಷ್ಯನಲ್ಲಿ ಒಂದು ಗುಣವುಂಟೆಂದು ನಿಶ್ಚಯಿಸುವುದಕ್ಕೆ ಅದನ್ನು ಕಂಡು ಹೇಳಿದವರು ಇರಲೇಬೇಕೆ? ಕಾಣತಕ್ಕವರು ಕಾಣಲಿಲ್ಲವೆಂಬ ಕಾರಣದಿಂದಲೇ ಇದ್ದ ಗುಣವು ಇಲ್ಲವಾಗಿಬಿಡುತ್ತದೆಯೆ? ಅಭಾವವನ್ನು ನಾವು ಅರಿಯುವುದು ಯಾವ ಪ್ರಮಾಣದಿಂದ ಎಂದು ನಮ್ಮ ಮೀಮಾಂಸಕರೂ ನೈಯಾಯಿಕರೂ ಅದ್ವೈತಿಗಳೂ ಶತಮಾನಗಳ ಕಾಲ ವಾದಮಾಡಿದಾಗ ಅವರ ಮುಂದಿದ್ದ ಉದಾಹರಣೆ ಬರಿಯ ನೆಲದ ಮೇಲೆ ಇಲ್ಲದಿರುವ ಒಂದು ಗಡಿಗೆ. ಗಡಿಗೆಯ ವಿಷಯದಲ್ಲಿ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಅದೇ ಪ್ರಶ್ನೆಯನ್ನು ಒಬ್ಬ ಮನುಷ್ಯನನ್ನು ಕುರಿತು, ಅದರಲ್ಲಿಯೂ ಸತ್ತುಹೋಗಿ ತನ್ನ ಪರವಾಗಿ ಮಾತನಾಡಲಾರದ ಮನುಷ್ಯನನ್ನು ಕುರಿತು ಕೇಳಿದಾಗ, ಅದು ತರ್ಕದ ಅಂಗಳವನ್ನು ದಾಟಿ ಧರ್ಮದ ಅಂಗಳಕ್ಕೆ ಬಂದು ನಿಲ್ಲುತ್ತದೆ. ಈ ಪ್ರಶ್ನೆಯು ಅತ್ಯಂತ ಸ್ಪಷ್ಟವಾಗಿ ಎದ್ದುಕಾಣುವ ಒಂದು ಸ್ಥಳವನ್ನು ಹೇಳೆಂದರೆ ನಾನು ಅಮೆರಿಕ ದೇಶದ ಕಾಲೇಜು ಫುಟ್‌ಬಾಲಿನ ಚರಿತ್ರೆಯನ್ನು ಹೇಳುತ್ತೇನೆ.

ಆ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಲ್ಲ. ಎರಡು ತುದಿಯೂ ಚೂಪಾದ ಚೆಂಡನ್ನು ತೋಳಿನಲ್ಲಿ ಅವುಚಿಕೊಂಡು ಓಡುವ, ಕೈಯಿಂದ ದೂರಕ್ಕೆ ಎಸೆಯುವ, ಎದುರಾಳಿಯನ್ನು ಮೈಯಿಂದ ಹೊಡೆದು ಕೆಡಹುವ ಆಟ. ಒಂದೊಂದು ವಿಶ್ವವಿದ್ಯಾನಿಲಯದ ಆಟವನ್ನೂ ಹತ್ತಾರು ಸಾವಿರ ಜನ ಬಂದು ನೋಡುವ ಆ ನಾಡಿನಲ್ಲಿ, ವಿದ್ಯಾರ್ಥಿದೆಸೆಯಲ್ಲಿ ಆಡಿ ಹೋದವರ ಪೈಕಿ ಶ್ರೇಷ್ಠರಾದವರ ಹೆಸರನ್ನು ಉಳಿಸಬೇಕೆಂದು ಒಂದು ಕೀರ್ತಿಮಂದಿರವನ್ನು, ಅವರ ಮಾತಿನಲ್ಲಿ ‘ಹಾಲ್ ಆಫ್ ಫೇಮ್’ ಅನ್ನು, ಏರ್ಪಡಿಸಿದ್ದಾರೆ. 1947ರಲ್ಲಿ ಸ್ಥಾಪಿತವಾದ ನ್ಯಾಷನಲ್ ಫುಟ್‌ಬಾಲ್ ಫೌಂಡೇಶನ್ ಇದರ ಆಡಳಿತವನ್ನು ನೋಡಿಕೊಳ್ಳುತ್ತದೆ; 1951ರಲ್ಲಿ ಮೊದಲ ತಂಡದವರನ್ನು ಬರಮಾಡಿಕೊಂಡರು; ಮಂದಿರವು ಈಗ ಅಟ್ಲಾಂಟಾ ನಗರದಲ್ಲಿದೆ. ಆ ಆಟವನ್ನು ಕಾಲೇಜುಗಳಲ್ಲಿ ಆಡಿದವರು ಐವತ್ತು ಲಕ್ಷಕ್ಕೂ ಮಿಕ್ಕವರು. ಒಳಕ್ಕೆ ಹೋದ ಆಟಗಾರರು ಸುಮಾರು ಒಂದು ಸಾವಿರದ ನೂರು ಮಂದಿ. ಬಾಗಿಲು ಕಿರಿದಾಗಿರುವುದರಲ್ಲಿ ತಪ್ಪೇನೂ ಇಲ್ಲ. ನಾನು ವಿಚಾರಿಸಬೇಕೆಂದಿರುವುದು ಬಾಗಿಲಲ್ಲಿ ನಿಂತ ಒಂದು ನಿಯಮವನ್ನು. ಪ್ರತಿ ವರ್ಷವೂ ಪತ್ರಿಕೆಗಳೂ ತರಬೇತುದಾರರ ಸಂಘಗಳೂ ದೇಶದ ಅತ್ಯುತ್ತಮ ಆಟಗಾರರನ್ನು ಆರಿಸಿ ‘ಆಲ್-ಅಮೆರಿಕನ್’ ಎಂಬ ತಂಡವನ್ನು ಪ್ರಕಟಿಸುವುದುಂಟು. ಮಾನ್ಯತೆ ಪಡೆದ ಯಾವುದಾದರೊಂದು ಪಟ್ಟಿಯ ಪ್ರಥಮ ತಂಡದಲ್ಲಿ ಒಮ್ಮೆಯಾದರೂ ಹೆಸರು ಬಂದಿದ್ದವನನ್ನು ಮಾತ್ರ ಮಂದಿರದವರು ಪರಿಶೀಲಿಸತಕ್ಕದ್ದು. ಇನ್ನಿತರರ ಯೋಗ್ಯತೆಯನ್ನು ತೂಗುವ ಪ್ರಶ್ನೆಯೇ ಬರುವುದಿಲ್ಲ. ಎಂದರೆ, ಅರ್ಧ ಶತಮಾನದ ಹಿಂದೆ ಕೆಲವು ಮಂದಿ ಕಂಡದ್ದೇ ಇಂದಿಗೂ ಪ್ರಮಾಣ. ಅವರು ಕಾಣದೆ ಬಿಟ್ಟದ್ದು ಎಂದೆಂದಿಗೂ ಇಲ್ಲ.

ಆ ಪಟ್ಟಿಯಲ್ಲಿ ಇಲ್ಲದ ಹೆಸರುಗಳಲ್ಲಿ ಒಂದು ವಿಲ್ಮೆತ್ ಸಿದತ್-ಸಿಂಗ್. ಹೆಸರು ಕೇಳಿದೊಡನೆ ನಮ್ಮ ಕಿವಿ ನೆಟ್ಟಗಾಗುತ್ತದೆ, ಅದು ಸಹಜ. ವಾಷಿಂಗ್ಟನ್ ನಗರದಲ್ಲಿ ಕಪ್ಪುಜನರ ಮನೆಯೊಂದರಲ್ಲಿ ಹುಟ್ಟಿದ ಹುಡುಗ. ಹುಟ್ಟಿದಾಗಿನ ಮನೆತನದ ಹೆಸರು ವೆಬ್. ಹೆತ್ತ ತಂದೆ ತೀರಿಕೊಂಡ ಮೇಲೆ ತಾಯಿಯು ಭಾರತೀಯ ಮೂಲದ ವೈದ್ಯ ಸ್ಯಾಮ್ಯುಯೆಲ್ ಸಿದತ್-ಸಿಂಗ್ ಎಂಬವರನ್ನು ಮದುವೆಯಾದಳು. ಅವರು ಹುಡುಗನನ್ನು ಮಗನೆಂದು ಸ್ವೀಕರಿಸಿ ತಮ್ಮ ಹೆಸರನ್ನು ಕೊಟ್ಟರು. ನ್ಯೂಯಾರ್ಕಿನ ಹಾರ್ಲೆಮ್ ಮೊಹಲ್ಲಾದಲ್ಲಿ ಬೆಳೆದು ಬ್ಯಾಸ್ಕೆಟ್‌ಬಾಲಿನಲ್ಲಿ ಹೆಸರು ಮಾಡಿ ಸಿರಕ್ಯೂಸ್ ವಿಶ್ವವಿದ್ಯಾನಿಲಯವನ್ನು ಸೇರಿದ ಈತನು ಬಿಡುವಿನ ವೇಳೆಯಲ್ಲಿ ಸಹಪಾಠಿಗಳೊಡನೆ ಫುಟ್‌ಬಾಲ್ ಆಡುತ್ತಿದ್ದುದನ್ನು ಕಂಡ ಸಹಾಯಕ ತರಬೇತುದಾರ ರಾಯ್ ಸಿಮನ್ಸ್, ಇಂಥ ತೋಳು ಇಲ್ಲಿ ವ್ಯರ್ಥವಾಗಬಾರದೆಂದು ಒತ್ತಾಯಿಸಿ ತಂಡಕ್ಕೆ ಸೇರಿಸಿದನು. ಅವನ ತಂದೆಯ ಹೆಸರನ್ನು ಹಿಡಿದುಕೊಂಡು ಪತ್ರಿಕೆಗಳು ಅವನನ್ನು ‘ಹಿಂದೂ’ ಎಂದು ಬರೆದವು. ಕಪ್ಪುಮನುಷ್ಯನೆಂದು ಗೊತ್ತಾದರೆ ಮುಚ್ಚಿಕೊಳ್ಳುವ ಬಾಗಿಲುಗಳು ದೂರದೇಶದವನೆಂಬ ಭ್ರಾಂತಿಯಲ್ಲಿ ತೆರೆದೇ ಇದ್ದವು.

1937ರ ಅಕ್ಟೋಬರಿನಲ್ಲಿ ಸಿರಕ್ಯೂಸ್ ತಂಡವು ಮೇರಿಲೆಂಡ್ ವಿಶ್ವವಿದ್ಯಾನಿಲಯದೊಡನೆ ಆಡುವುದಕ್ಕೆ ಬಾಲ್ಟಿಮೋರ್ ನಗರಕ್ಕೆ ಹೋಗಬೇಕಾಗಿತ್ತು. ಅಷ್ಟರಲ್ಲಿ ಸ್ಯಾಮ್ ಲೇಸಿ ಎಂಬ ಪತ್ರಕರ್ತ, ತಾನೂ ಕಪ್ಪುಜನಾಂಗದವನೇ, ನಿಜವನ್ನು ಅಚ್ಚು ಮಾಡಿಸಿದನು: ಈತನು ಹಿಂದೂ ಅಲ್ಲ, ನಮ್ಮವನು. ಸುಳ್ಳಿನ ಆಶ್ರಯದಲ್ಲಿ ದೊರೆಯುವ ಮರ್ಯಾದೆ ಮರ್ಯಾದೆಯಲ್ಲವೆಂದು ಲೇಸಿ ಭಾವಿಸಿದ್ದನೆಂದು ತೋರುತ್ತದೆ. ಅವನು ಮಾಡಿದ್ದು ಸರಿಯೆಂದೇ ನನ್ನ ಮತ, ಆದರೆ ಅದರ ಬೆಲೆಯನ್ನು ತೆತ್ತವನು ಬೇರೊಬ್ಬ. ಕಪ್ಪು ಆಟಗಾರನಿರುವ ತಂಡದೊಡನೆ ತಾವು ಆಡಲಾರೆವೆಂದು ಮೇರಿಲೆಂಡಿನವರು ಪಟ್ಟು ಹಿಡಿದರು, ಸಿರಕ್ಯೂಸಿನವರು ಒಪ್ಪಿಕೊಂಡರು. 23ನೆಯ ತಾರೀಖು ಸಿದತ್-ಸಿಂಗ್ ಆಡಲಿಲ್ಲ. ಅವನ ತಂಡ 13-0ರಿಂದ ಸೋತಿತು.

ಅದೇ ತಂಡದಲ್ಲಿ ಮಾರ್ಟಿ ಗ್ಲಿಕ್‌ಮನ್ ಎಂಬ ಯೆಹೂದಿ ಯುವಕನಿದ್ದನು. ಹಿಂದಿನ ವರ್ಷ, 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ, ರಿಲೇ ಓಟಕ್ಕೆ ಸಿದ್ಧನಾಗಿ ನಿಂತಿದ್ದ ಅವನನ್ನೂ ಸ್ಯಾಮ್ ಸ್ಟೋಲರನನ್ನೂ, ಅಮೆರಿಕ ತಂಡದ ಯೆಹೂದಿ ಓಟಗಾರರಿಬ್ಬರನ್ನೂ, ಕೊನೆಯ ಗಳಿಗೆಯಲ್ಲಿ ಕೈಬಿಟ್ಟಿದ್ದರು. ಹೊರಗೆ ನಿಲ್ಲಿಸಲ್ಪಡುವುದೆಂದರೇನೆಂಬುದನ್ನು ಅವನಷ್ಟು ಬಲ್ಲವರು ಆ ತಂಡದಲ್ಲಿ ಇನ್ನಾರಿದ್ದಾರು? ಸಿದತ್-ಸಿಂಗ್ ಆಡದಿದ್ದರೆ ತಾನೂ ಆಡುವುದಿಲ್ಲವೆಂದು ಎದ್ದು ಹೇಳಬೇಕೆಂದು ಅವನಿಗೆ ಅನ್ನಿಸಿತಂತೆ, ಹೇಳಲಿಲ್ಲ. ಮುಂದೆ ದೊಡ್ಡ ರೇಡಿಯೋ ವ್ಯಾಖ್ಯಾನಕಾರನಾಗಿ ಖ್ಯಾತಿವೆತ್ತ ಮೇಲೆ, ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿ, ಆ ಮೌನವನ್ನು ಅವನೇ ಒಪ್ಪಿಕೊಂಡು ಪಶ್ಚಾತ್ತಾಪ ಪಟ್ಟಿದ್ದಾನೆ. ಕಂಡವನು ಕಂಡುದನ್ನು ನುಡಿಯದಿದ್ದರೆ ಸಾಕ್ಷ್ಯವು ಹುಟ್ಟುವುದಿಲ್ಲವೆಂಬುದಕ್ಕೆ ಇದಕ್ಕಿಂತ ನೋವಿನ ನಿದರ್ಶನ ಬೇಡ.

ಮರುವರ್ಷದ ಅಕ್ಟೋಬರಿನಲ್ಲಿ ಸಿರಕ್ಯೂಸಿನ ಸ್ವಂತ ಮೈದಾನದಲ್ಲಿ ನಡೆದ ಎರಡು ಆಟಗಳನ್ನು ಇಲ್ಲಿ ಹೇಳಲೇಬೇಕು. ಬಲಿಷ್ಠವಾದ ಕಾರ್ನೆಲ್ ತಂಡದೆದುರು ಸಿರಕ್ಯೂಸ್ ಸೋಲಿನ ಅಂಚಿನಲ್ಲಿತ್ತು. ಆಟ ಮುಗಿಯುವುದಕ್ಕೆ ಕೆಲವೇ ನಿಮಿಷಗಳಿರುವಾಗ ಸಿದತ್-ಸಿಂಗನ ತೋಳು ಎಚ್ಚೆತ್ತಿತು. ಎಸೆತದ ಮೇಲೆ ಎಸೆತ, ಓಡುತ್ತಿರುವವನ ಕೈಗೆ ಅವನು ತಲಪಲಿರುವ ಜಾಗದಲ್ಲಿಯೇ ಚೆಂಡು ಬಂದು ಬೀಳುವುದು, ಹೀಗೆ ಆ ಅಲ್ಪಾವಧಿಯಲ್ಲಿ ಚೆಂಡನ್ನು ಎದುರಾಳಿಯ ಗಡಿಗೆರೆ ದಾಟಿಸಿದ ಮೂರು ಟಚ್‌ಡೌನ್‌ಗಳು ಬಂದು 19-17ರಿಂದ ಸಿರಕ್ಯೂಸ್ ಗೆದ್ದಿತು. ಆ ಕಾಲದ ಕ್ರೀಡಾಲೇಖಕರಲ್ಲಿ ಅಗ್ರಗಣ್ಯನಾಗಿದ್ದ ಗ್ರಾಂಟ್‌ಲೆಂಡ್ ರೈಸ್ ಈ ಯುವಕನನ್ನು ಹೆಸರಾಂತ ಎಸೆತಗಾರರಾದ ಸ್ಯಾಮಿ ಬಾ, ಸಿಡ್ ಲಕ್‌ಮನ್ ಇವರ ಪಂಕ್ತಿಯಲ್ಲಿ ನಿಲ್ಲಿಸಿ ಹೊಗಳಿ ಬರೆದನು. ಎರಡನೆಯ ಆಟ ಮೇರಿಲೆಂಡಿನೊಡನೆ. ಈ ಸಾರಿ ಆತಿಥೇಯರು ಸಿರಕ್ಯೂಸಿನವರಾದ್ದರಿಂದ ಅವನು ಆಡಿದನು, ಫಲಿತಾಂಶ 53-0.

ಆ ಬಳಿಕ ಅವನಿಗೆ ಫುಟ್‌ಬಾಲಿನಲ್ಲಿ ದಾರಿಯಿರಲಿಲ್ಲ. ವೃತ್ತಿನಿರತ ಫುಟ್‌ಬಾಲ್ ಲೀಗು 1934ರಿಂದ 1945ರ ವರೆಗೆ ಒಬ್ಬ ಕಪ್ಪು ಆಟಗಾರನನ್ನೂ ಸೇರಿಸಿಕೊಳ್ಳಲಿಲ್ಲ. ಅವನು ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಡಿದನು; ಪೊಲೀಸ್ ಕೆಲಸಕ್ಕೆ ಸೇರಿದನು; ಯುದ್ಧ ಬಂದಾಗ ಟಸ್ಕೀಗೀಯಲ್ಲಿ ಕಪ್ಪುಜನರಿಗಾಗಿ ಪ್ರತ್ಯೇಕವಾಗಿ ನಡೆಯುತ್ತಿದ್ದ ವೈಮಾನಿಕ ಶಿಕ್ಷಣವನ್ನು ಮುಗಿಸಿ ಯುದ್ಧವಿಮಾನದ ಚಾಲಕನಾದನು. 1943ರ ಮೇ 9ರಂದು ಅಭ್ಯಾಸದ ಹಾರಾಟದಲ್ಲಿ ಅವನ ವಿಮಾನದ ಎಂಜಿನ್ನು ಕೆಟ್ಟು, ಹ್ಯೂರಾನ್ ಸರೋವರದ ಮೇಲೆ ಪ್ಯಾರಾಚೂಟಿನಲ್ಲಿ ಹಾರಿಕೊಂಡನು. ನೀರಿನಲ್ಲಿ ಮುಳುಗಿ ಸತ್ತನು. ದೇಹವು ಸಿಕ್ಕಿದ್ದು ಕೆಲವು ವಾರಗಳ ಮೇಲೆ. ಆರ್ಲಿಂಗ್ಟನ್ನಿನ ರಾಷ್ಟ್ರೀಯ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಅವನನ್ನು ತನ್ನ ಯೋಧನೆಂದು ಗುರುತಿಸುವುದಕ್ಕೆ ದೇಶಕ್ಕೆ ಯಾವ ಪಟ್ಟಿಯ ಅಪ್ಪಣೆಯೂ ಬೇಕಾಗಲಿಲ್ಲ.

ಈಗ ಶಾಸ್ತ್ರದ ಕಡೆಗೆ ತಿರುಗೋಣ. ಕುಮಾರಿಲಭಟ್ಟರ ಸಂಪ್ರದಾಯದವರೂ ಅವರನ್ನು ಈ ಅಂಶದಲ್ಲಿ ಅನುಸರಿಸಿದ ಅದ್ವೈತಿಗಳೂ ‘ಅನುಪಲಬ್ಧಿ’ಯನ್ನು ಸ್ವತಂತ್ರವಾದ ಪ್ರಮಾಣವೆಂದು ಎಣಿಸಿದರು. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ. ಆದ್ದರಿಂದ ಗಡಿಗೆ ಇಲ್ಲ. ಆದರೆ ಇಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಕಾಣದಿರುವುದೆಲ್ಲವೂ ಇಲ್ಲದಿರುವುದಕ್ಕೆ ಪ್ರಮಾಣವಾಗುವುದಾದರೆ ಕತ್ತಲೆಯಲ್ಲಿ ಜಗತ್ತೇ ಇಲ್ಲವಾಗಬೇಕಾಗುತ್ತದೆ. ಆದಕಾರಣ ‘ಯೋಗ್ಯತೆ’ ಎಂಬ ಒಂದು ನಿರ್ಬಂಧವನ್ನು ವಿಧಿಸಿದರು: ವಸ್ತು ಅಲ್ಲಿ ಇದ್ದಿದ್ದರೆ ಖಂಡಿತವಾಗಿಯೂ ಕಾಣುತ್ತಿತ್ತು ಎಂದು ಹೇಳಬಹುದಾದ ಸನ್ನಿವೇಶದಲ್ಲಿ, ಬೆಳಕೂ ಕಣ್ಣೂ ಗಮನವೂ ಎಲ್ಲವೂ ಸಮರ್ಪಕವಾಗಿದ್ದು, ಆಮೇಲೂ ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ಧರ್ಮರಾಜಾಧ್ವರೀಂದ್ರರ ವೇದಾಂತಪರಿಭಾಷೆ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿ, ಒಬ್ಬನಲ್ಲಿರುವ ಧರ್ಮಾಧರ್ಮಗಳು ಸ್ವಭಾವತಃ ಪ್ರತ್ಯಕ್ಷಕ್ಕೆ ನಿಲುಕುವಂಥವಲ್ಲವಾದ್ದರಿಂದ ಅವು ಕಾಣಲಿಲ್ಲವೆಂದು ಅವುಗಳ ಅಭಾವವನ್ನು ಸಾಧಿಸಕೂಡದೆಂದು ಎಚ್ಚರಿಸುತ್ತದೆ. ಇಷ್ಟು ಸೂಕ್ಷ್ಮವಾದ ಎಚ್ಚರವನ್ನು ಒಂದು ಗಡಿಗೆಯ ವಿಷಯದಲ್ಲಿ ವಹಿಸಿದವರ ಮುಂದೆ ನಾವು ಮನುಷ್ಯರ ವಿಷಯದಲ್ಲಿ ವಹಿಸುತ್ತಿರುವ ಎಚ್ಚರ ಎಷ್ಟೆಂದು ಲೆಕ್ಕ ಹಾಕಿದರೆ ತಲೆ ತಗ್ಗಿಸಬೇಕಾಗುತ್ತದೆ.

ಕೀರ್ತಿಮಂದಿರದ ನಿಯಮಕ್ಕೆ ಈ ಒರೆಗಲ್ಲನ್ನು ಹಿಡಿದು ನೋಡಿರಿ. 1937ರ, 1938ರ ಆರಿಸುವವರ ಕಣ್ಣಿಗೆ ಇವನು ಬೀಳಲಿಲ್ಲ. ಆದರೆ ಬಾಲ್ಟಿಮೋರಿನಲ್ಲಿ ಆ ದಿನ ಅವನನ್ನು ನೋಡುವುದು ಯಾರಿಂದಲೂ ಸಾಧ್ಯವಿರಲಿಲ್ಲ, ಏಕೆಂದರೆ ಅವನನ್ನು ಅಂಗಳಕ್ಕೆ ಇಳಿಯಗೊಡಲಿಲ್ಲ. ದೀಪವನ್ನು ಆರಿಸಿದವರೇ ಬಂದು ಏನೂ ಕಾಣಿಸಲಿಲ್ಲವೆಂದು ಸಾಕ್ಷ್ಯ ನುಡಿದರೆ ಅದನ್ನು ಯಾವ ನ್ಯಾಯಸ್ಥಾನ ಒಪ್ಪೀತು? ನಾನು ಹೇಳುತ್ತಿರುವುದರ ಎಲ್ಲೆಯನ್ನೂ ಇಲ್ಲಿಯೇ ಗುರುತಿಸಬೇಕು. ಸಿದತ್-ಸಿಂಗನು ಆ ವರ್ಷ ದೇಶದ ಹನ್ನೊಂದು ಮಂದಿ ಅತ್ಯುತ್ತಮರಲ್ಲಿ ಒಬ್ಬನಾಗಿದ್ದನೆಂದು ನಾನು ಪ್ರತಿಜ್ಞೆ ಮಾಡುತ್ತಿಲ್ಲ. ಋತುವಿಡೀ ತೂಗಿ ನೋಡಿದಾಗ ಬೇರೆಯವರು ಮಿಗಿಲೆನಿಸಿದ್ದರೆ ಇರಬಹುದು. ಆದರೆ ಆ ನಿಯಮವು ತೂಗಿ ನೋಡಿ ಇಲ್ಲವೆನ್ನುತ್ತಿಲ್ಲ, ತೂಗುವುದನ್ನೇ ನಿಷೇಧಿಸುತ್ತದೆ.

ಇದಕ್ಕೆ ಪ್ರತಿಯಾಗಿ ಒಂದು ಮಾತನ್ನು ಹೇಳಬಹುದು, ಅದು ಬಲವಾದ ಮಾತೇ. ಆ 1938ರ ಆಟದಲ್ಲಿ ಎದುರು ಪಕ್ಷದ ಕಾರ್ನೆಲ್ ತಂಡದಲ್ಲಿಯೂ ಒಬ್ಬ ಕಪ್ಪು ಆಟಗಾರನಿದ್ದನು, ಜೆರೋಮ್ ಹಾಲೆಂಡ್. ಅವನನ್ನು ಆಲ್-ಅಮೆರಿಕನ್ ಎಂದು ಆರಿಸಿದರು. 1965ರಲ್ಲಿ ಮಂದಿರಕ್ಕೂ ಬರಮಾಡಿಕೊಂಡರು. ಮುಂದೆ ಸ್ವೀಡನ್ನಿಗೆ ಅಮೆರಿಕದ ರಾಯಭಾರಿಯೂ ಆದನು. ಹಾಗಾದರೆ ಆರಿಸುವವರ ಕಣ್ಣು ಪೂರ್ತಿ ಮುಚ್ಚಿತ್ತೆಂದು ಹೇಳುವಂತಿಲ್ಲವಲ್ಲ? ಹೇಳುವಂತಿಲ್ಲ, ನಿಜ. ಆದರೆ ಒಂದು ಕಣ್ಣು ಒಮ್ಮೊಮ್ಮೆ ಕಂಡಿತೆಂಬುದರಿಂದ ಅದು ಯಾವಾಗಲೂ ಕಾಣುತ್ತಿತ್ತೆಂದು ಸಿದ್ಧವಾಗುವುದಿಲ್ಲ. ಯೋಗ್ಯತೆಯನ್ನು ಒಂದೊಂದು ಸಂದರ್ಭದಲ್ಲಿಯೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಮೇಲಾಗಿ, ದ್ವೇಷವೇ ಇಲ್ಲದ ಕಡೆಯೂ ಈ ನಿಯಮ ಎಡವುತ್ತದೆ. ಜೋ ಮೊಂಟಾನಾ ನಾಟರ್‌ಡೇಮ್ ವಿಶ್ವವಿದ್ಯಾನಿಲಯವನ್ನು 1977ರಲ್ಲಿ ರಾಷ್ಟ್ರೀಯ ಪ್ರಶಸ್ತಿಗೆ ಏರಿಸಿದವನು. 1979ರ ಜನವರಿ 1ರಂದು ಡಲ್ಲಾಸಿನ ಮಂಜುಗಟ್ಟಿದ ಮೈದಾನದಲ್ಲಿ ದೇಹದ ಶಾಖವೇ ಇಳಿದುಹೋಗಿ, ಒಳಗೆ ಕಂಬಳಿ ಹೊದ್ದು ಬಿಸಿ ಸಾರು ಕುಡಿದು, ಮತ್ತೆ ಹೊರಬಂದು, 34-12ರಿಂದ ಹಿಂದೆ ಬಿದ್ದಿದ್ದ ತಂಡವನ್ನು ಕಟ್ಟಕಡೆಯ ಎಸೆತದಲ್ಲಿ 35-34ರ ಗೆಲುವಿಗೆ ಮುಟ್ಟಿಸಿದವನು. ವೃತ್ತಿಪರ ಫುಟ್‌ಬಾಲಿನ ಕೀರ್ತಿಮಂದಿರವು 2000ದಲ್ಲಿ ಅವನನ್ನು ಸ್ವಾಗತಿಸಿತು. ಕಾಲೇಜು ಮಂದಿರದಲ್ಲಿ ಅವನಿಗೆ ಸ್ಥಳವಿಲ್ಲ. ಪ್ರಥಮ ತಂಡದ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲವಷ್ಟೆ. ಲಕ್ಷಾಂತರ ಜನ ಕಣ್ಣಾರೆ ಕಂಡದ್ದನ್ನು ಪಟ್ಟಿ ಕಾಣಲಿಲ್ಲ.

ಕಪ್ಪುಜನಾಂಗದ ಗಾಯಕ ಪಾಲ್ ರಾಬ್ಸನ್ನನ ಕಥೆ ಇದಕ್ಕೆ ವಿಪರೀತವಾದದ್ದು, ಆದ್ದರಿಂದಲೇ ಹೆಚ್ಚು ಕಳವಳಕಾರಿ. ಅವನ ಗಂಭೀರವಾದ ಕಂಠವನ್ನು ಕೇಳಿದವರು ನಮ್ಮಲ್ಲಿ ಬಹುಮಂದಿ ಇದ್ದಾರೆ; ಅವನು ರಟ್ಗರ್ಸ್ ಕಾಲೇಜಿನ ಮಹಾ ಫುಟ್‌ಬಾಲ್ ಆಟಗಾರನಾಗಿದ್ದನೆಂಬುದನ್ನು ಬಲ್ಲವರು ವಿರಳ. 1916ರಲ್ಲಿ ದಕ್ಷಿಣದ ಒಂದು ಕಾಲೇಜಿನವರು ಅವನೊಡನೆ ಆಡಲೊಲ್ಲೆವೆಂದಾಗ ಅವನನ್ನೂ ಹೊರಗೆ ಕೂರಿಸಿದ್ದರು. ಆದರೂ ಆ ಆಟದ ಪಿತಾಮಹನೆನಿಸಿದ ವಾಲ್ಟರ್ ಕ್ಯಾಂಪನೇ 1918ರಲ್ಲಿ ಅವನನ್ನು ಪ್ರಥಮ ತಂಡಕ್ಕೆ ಆರಿಸಿದನು. ನಿಯಮ ಕೇಳುವ ಸಾಕ್ಷ್ಯವೆಲ್ಲ ಇತ್ತು. ಆದರೆ ಅವನು ಸೋವಿಯತ್ ದೇಶದ ಪರವಾಗಿ ಮಾತನಾಡಿದನು, ತನ್ನ ದೇಶದ ವರ್ಣದ್ವೇಷವನ್ನು ದೇಶದೇಶಗಳಲ್ಲಿ ಖಂಡಿಸಿದನು. 1950ರಲ್ಲಿ ಸರ್ಕಾರ ಅವನ ಪಾಸ್‌ಪೋರ್ಟನ್ನು ಕಿತ್ತುಕೊಂಡಿತು. 1951ರಲ್ಲಿ ತೆರೆದ ಬಾಗಿಲು ಅವನಿಗೆ ತೆರೆದದ್ದು 1995ರಲ್ಲಿ, ಅವನು ಸತ್ತು ಹತ್ತೊಂಬತ್ತು ವರ್ಷಗಳಾದ ಮೇಲೆ. ಸಾಕ್ಷಿಯಿಲ್ಲವೆಂದು ಒಬ್ಬನನ್ನು ಬಿಟ್ಟರು, ಸಾಕ್ಷಿಯಿದ್ದರೂ ಇನ್ನೊಬ್ಬನನ್ನು ಕಾಯಿಸಿದರು. ನಿಯಮವು ನಿಜವಾಗಿ ಪ್ರಮಾಣನಿಷ್ಠವಾಗಿದ್ದರೆ ಎರಡನೆಯದು ನಡೆಯಕೂಡದಾಗಿತ್ತು.

ಇಷ್ಟಾದ ಮೇಲೆ ನಮ್ಮವರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ಕೀರ್ತಿಗಾಗಿ ಇಷ್ಟು ತಳಮಳವೇಕೆ? ಕರ್ಮದಲ್ಲಿ ಮಾತ್ರ ಅಧಿಕಾರ, ಫಲದಲ್ಲಿಲ್ಲವೆಂದು ಗೀತಾಚಾರ್ಯನು ಉಪದೇಶಿಸಲಿಲ್ಲವೆ? ಯಾರೂ ಕಾಣದಿದ್ದರೂ ಸರ್ವಸಾಕ್ಷಿಯಾದ ಪರಮಾತ್ಮನು ಕಾಣುತ್ತಾನಲ್ಲವೆ? ಈ ಸಮಾಧಾನವನ್ನು ನಾನು ಲಘುವಾಗಿ ಎಣಿಸುವವನಲ್ಲ. ಹೊರಗೆ ಕೂತು ತನ್ನ ತಂಡ ಸೋಲುವುದನ್ನು ನೋಡುವ ಯುವಕನಿಗೆ, ತನ್ನ ತೋಳಿನ ಸತ್ತ್ವವು ಯಾರ ಮೆಚ್ಚುಗೆಯನ್ನೂ ಅವಲಂಬಿಸಿಲ್ಲವೆಂಬ ಅರಿವು ಬಂದರೆ, ಅವನನ್ನು ಮುರಿಯುವುದು ಯಾರಿಂದಲೂ ಆಗದು. ಆದರೆ ಆ ಉಪದೇಶವು ಸಂದದ್ದು ಬಿಲ್ಲು ಹಿಡಿದವನಿಗೆ. ಫಲವನ್ನು ಹಂಚುವ ಅಧಿಕಾರದಲ್ಲಿ ಕುಳಿತವನು ಅದೇ ಮಾತನ್ನು ಬಾಯಲ್ಲಿಟ್ಟುಕೊಂಡು ಕೊಡಬೇಕಾದುದನ್ನು ಕೊಡದಿದ್ದರೆ ಅದು ವೈರಾಗ್ಯವಲ್ಲ, ಅಪಹಾರ. ಭಗವಂತನು ಕಂಡಿದ್ದಾನೆಂಬುದು ಕಾಣುವ ಹೊಣೆಯನ್ನು ಮನುಷ್ಯನ ಹೆಗಲಿನಿಂದ ಇಳಿಸುವುದಿಲ್ಲ. ನಮ್ಮ ದಾರ್ಶನಿಕರು ಯಾವ ಸಿದ್ಧಾಂತವನ್ನು ಒರೆಹಚ್ಚಿದಾಗಲೂ ಎರಡು ದೋಷಗಳಿಗೆ ಅಂಜಿದರು: ಮಾಡಿದ್ದು ಫಲವಿಲ್ಲದೆ ನಾಶವಾಗುವ ಕೃತಹಾನಿ, ಮಾಡದಿದ್ದುದರ ಫಲ ತಾನಾಗಿ ಬಂದು ಸೇರುವ ಅಕೃತಾಭ್ಯಾಗಮ. ಜಗದ್ವ್ಯವಸ್ಥೆಯಲ್ಲಿ ಇವು ಇರಬಾರದೆಂದು ಜನ್ಮಾಂತರಗಳನ್ನೇ ಒಪ್ಪಿಕೊಂಡವರ ವಂಶದವರಾದ ನಾವು ಮನುಷ್ಯರು ಕಟ್ಟಿದ ವ್ಯವಸ್ಥೆಯಲ್ಲಿ ಅವು ಇದ್ದರೆ ಇರಲಿ ಎನ್ನುವುದು ಹೇಗೆ?

ನಿಯಮದ ಪರವಾಗಿ ಹೇಳಬಹುದಾದುದನ್ನು ಮರೆಯತಕ್ಕದ್ದಲ್ಲ. ಎಲ್ಲೆಯೇ ಇಲ್ಲದಿದ್ದರೆ ಪ್ರತಿಯೊಂದು ಊರೂ ತನ್ನ ಹುಡುಗನನ್ನು ಹೊತ್ತು ತಂದೀತು. ನೆನಪು ಹೊಗಳಿಕೆಗೆ ತಿರುಗಿ, ಹೊಗಳಿಕೆ ಕಥೆಗೆ ತಿರುಗಿ, ಸತ್ತವರೆಲ್ಲರೂ ಮಹಾಪುರುಷರಾದಾರು. ಸಮಕಾಲೀನರ ಸಾಕ್ಷ್ಯವನ್ನು ಕೇಳುವುದು ಈ ಅತಿರೇಕಕ್ಕೆ ಕಟ್ಟಿದ ಒಡ್ಡು, ಒಪ್ಪಬಹುದಾದ ಒಡ್ಡು. ಆದರೆ ಅದು ಅಪೌರುಷೇಯವಾದ ವಾಕ್ಯವೇನೂ ಅಲ್ಲ. ಮನುಷ್ಯರು ಮಾಡಿದ್ದು, ಮನುಷ್ಯರು ತಿದ್ದಬಹುದು, ತಿದ್ದಿಯೂ ಇದ್ದಾರೆ: ತರಬೇತುದಾರರು ಮಂದಿರಕ್ಕೆ ಅರ್ಹರಾಗಬೇಕಾದರೆ ನೂರಕ್ಕೆ ಅರವತ್ತು ಪಂದ್ಯಗಳನ್ನಾದರೂ ಗೆದ್ದಿರಬೇಕೆಂದಿದ್ದ ಕಟ್ಟಳೆಯನ್ನು 2025ರಲ್ಲಿ ಐವತ್ತೊಂಬತ್ತೂವರೆಗೆ ಇಳಿಸಿದರು. ಇದರಿಂದ ಕೂದಲೆಳೆಯಲ್ಲಿ ತಪ್ಪಿಹೋಗಿದ್ದ ಮೈಕ್ ಲೀಚ್ ಎಂಬ ದಿವಂಗತ ತರಬೇತುದಾರನಿಗೆ ದಾರಿಯಾಯಿತು. ಅದು ಉಚಿತವಾದ ತಿದ್ದುಪಡಿಯೆಂದೇ ಭಾವಿಸುತ್ತೇನೆ. ಅರ್ಧ ಅಂಶದ ಕೊರತೆ ಅನ್ಯಾಯವೆಂದು ತೋರಿದ ಹೃದಯಕ್ಕೆ ಆಟವನ್ನೇ ಆಡಗೊಡದ ಕೊರತೆ ಅನ್ಯಾಯವೆಂದು ತೋರಲಾರದೆ?

ಪ್ರಮಾಣವು ಒಂದೇ ಅಲ್ಲ. ಕಣ್ಣು ಸೋತಲ್ಲಿ ಶಬ್ದವುಂಟು, ಅನುಮಾನವುಂಟು, ಅರ್ಥಾಪತ್ತಿಯುಂಟು. ಬೇರಾವ ಬಗೆಯಿಂದಲೂ ಹೊಂದಿಕೆಯಾಗದ ಎರಡು ಸಂಗತಿಗಳು ಮುಂದಿರುವಾಗ ಅವನ್ನು ಹೊಂದಿಸತಕ್ಕ ಮೂರನೆಯದನ್ನು ಕಲ್ಪಿಸುವುದು ಮೀಮಾಂಸಕರಿಗೆ ಸಮ್ಮತವಾದ ಮಾರ್ಗ. ಒಂದು ವರ್ಷದ ಅಂತರದಲ್ಲಿ ಅದೇ ಎರಡು ವಿಶ್ವವಿದ್ಯಾನಿಲಯಗಳು. ಒಮ್ಮೆ 13-0ರ ಸೋಲು, ಇನ್ನೊಮ್ಮೆ 53-0ರ ಗೆಲುವು. ನಡುವೆ ಬದಲಾದ ಸಂಗತಿಗಳು ಹಲವಿರಬಹುದು. ಒಂದಂತೂ ಎಲ್ಲರಿಗೂ ಗೊತ್ತು. ಸಿರಕ್ಯೂಸಿನವರು 2005ರಲ್ಲಿ ಅವನ ಬ್ಯಾಸ್ಕೆಟ್‌ಬಾಲ್ ಅಂಗಿಯ 19ನೆಯ ಸಂಖ್ಯೆಯನ್ನು ಇನ್ನಾರೂ ತೊಡದಂತೆ ಗೌರವದಿಂದ ಎತ್ತಿಟ್ಟರು. 2013ರ ನವೆಂಬರಿನಲ್ಲಿ ಎರಡು ತಂಡಗಳೂ ಮತ್ತೆ ಎದುರಾದಾಗ ಮೇರಿಲೆಂಡಿನವರು ತಮ್ಮದೇ ಅಂಗಳದಲ್ಲಿ, ಅವನ ಬಂಧುಗಳ ಸಮಕ್ಷಮದಲ್ಲಿ, ಎಪ್ಪತ್ತಾರು ವರ್ಷಗಳ ಹಿಂದಿನ ತಪ್ಪಿಗೆ ಕ್ಷಮೆ ಕೇಳಿದರು. ಬಾಗಿಲು ಮುಚ್ಚಿದವರೇ ತಾವು ಮುಚ್ಚಿದೆವೆಂದು ನುಡಿದಿರುವ ಈ ಸಾಕ್ಷ್ಯವನ್ನು 1938ರ ಪಟ್ಟಿಯ ಪಕ್ಕದಲ್ಲಿಟ್ಟು ಓದುವ ಅಧಿಕಾರ ಮಂದಿರದವರಿಗೆ ಇದೆ; ಅವರು ಅದನ್ನು ಇನ್ನೂ ಚಲಾಯಿಸಿಲ್ಲ.